ಸ್ವಲ್ಪ ದೂರ ಓಡಿ ನಿಲ್ಲುವ ಹಳೇ ಪದ್ಮಿನಿ: ನಿಂತ ಜಾಗದಲ್ಲೇ ಕಾರಣ ಹುಡುಕುವ ಬಗೆ

ನಮ್ಮ ಪದ್ಮಿನಿ ಕಾರು ಮನೆ ಗೇಟಿನಿಂದ ಸರಾಗವಾಗಿ ಹೊರಡುತ್ತಿತ್ತು. ಶಿವಮೊಗ್ಗ ಬಿಟ್ಟು ತೀರ್ಥಹಳ್ಳಿ ರಸ್ತೆ ಹಿಡಿದು ಗಾಜನೂರು ಬರುವಷ್ಟರಲ್ಲಿ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಬಾನೆಟ್ ಎತ್ತಿ, ಗೊತ್ತಿದ್ದವರಂತೆ ಒಂದೆರಡು ವೈರ್ ಅಲ್ಲಾಡಿಸಿ, ಟೀ ಕುಡಿದು ಬಂದು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ನಿಂತಲ್ಲೇ ಗಂಟೆಗಟ್ಟಲೆ ಓಡುತ್ತಿತ್ತು. ಮೂರು ತಿಂಗಳಲ್ಲಿ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಿಟ್ ಬದಲಾಯಿತು, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಡಬ್ಬಿ) ಬದಲಾಯಿತು, ಎಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್) ಬದಲಾಯಿತು. ರೋಗ ಮಾತ್ರ ಹಾಗೇ ಉಳಿಯಿತು. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಓಡೋ ಗಾಡಿ ತಂದು ನಿಲ್ಸಿದ್ರೆ ನಾನೇನ್ ನೋಡ್ಲಿ ಸಾರ್? ನಿಂತಾಗ ನೀವೇ ನೋಡಿ. ಕರೆಂಟ್ ಇತ್ತಾ, ಪೆಟ್ರೋಲ್ ಇತ್ತಾ, ಅಷ್ಟು ಹೇಳಿ ಸಾಕು."

ಈ ಬರಹದಲ್ಲಿರುವುದೆಲ್ಲ ಆ ಮಾತಿನ ವಿಸ್ತರಣೆಯೇ. ಬಿಸಿಯಾದಾಗ ಕೈಕೊಡುವ ಕಾಯಿಲ್ ತಣ್ಣಗಾದ ಮೇಲೆ ಹೊಸದರಂತೆ ಕೆಲಸ ಮಾಡುತ್ತದೆ. ಪೈಪಿನ ಬಾಯಿಗೆ ಕಚ್ಚಿಕೊಂಡ ಕಸ ಎಳೆತ ನಿಂತ ಸ್ವಲ್ಪ ಹೊತ್ತಿಗೆ ಕೆಳಗೆ ಬೀಳುತ್ತದೆ. ಹತ್ತು ನಿಮಿಷ ಕಳೆದರೆ ಸಾಕ್ಷಿಯೇ ಉಳಿಯುವುದಿಲ್ಲ. ಆದ್ದರಿಂದ ಟೀ ಆಮೇಲೆ.

1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದು, 1974ರಿಂದ ಪ್ರೀಮಿಯರ್ ಪದ್ಮಿನಿ ಆದ 1089 ಸಿಸಿ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. 1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ಗೂ ಬಹುಪಾಲು ಇದೇ ಸಲ್ಲುತ್ತದೆ. ಕಾರ್ಬುರೇಟರ್ ಆಗಲಿ, ಸಿಬಿ ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಬಿಟ್ಟು ಕೂಡಿಸಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಆಗಲಿ ಇಲ್ಲದ, ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಗಳ ದಾರಿ ಬೇರೆ, ಅವಕ್ಕೆ ಇದು ಹೊಂದುವುದಿಲ್ಲ.

ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕಾದ್ದು

ಒಂದು ಹಳೇ ಸ್ಪಾರ್ಕ್ ಪ್ಲಗ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ಮಾರು ವೈರ್, 12 ವೋಲ್ಟ್ ಟೆಸ್ಟ್ ಲ್ಯಾಂಪ್, ಸ್ಕ್ರೂಡ್ರೈವರ್, ನಾಲ್ಕಾರು ಸ್ಪ್ಯಾನರ್, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಅಗಲ ಬಾಯಿಯ ಗಾಜಿನ ಬಾಟಲಿ, ಹತ್ತಿ ಬಟ್ಟೆ, ಎರಡು ಲೀಟರ್ ನೀರು, ಗಾಳಿ ಹೊಡೆಯುವ ಕಾಲು ಪಂಪ್. ಇವೆಲ್ಲಕ್ಕಿಂತ ಮೊದಲು, ಕೈಗೆ ಸಿಗುವ ಜಾಗದಲ್ಲಿ ಡ್ರೈ ಪೌಡರ್ ತುಂಬಿದ ಸಣ್ಣ ಅಗ್ನಿಶಾಮಕ. ಹಳೇ ಗಾಡಿಯಲ್ಲಿ ಪೆಟ್ರೋಲ್ ಪೈಪಿಗೂ ಕಿಡಿ ಹಾರುವ ಜಾಗಕ್ಕೂ ಗೇಣುದ್ದ ಅಂತರವೂ ಇರುವುದಿಲ್ಲ.

ಗಾಡಿ ನಿಲ್ಲುವ ಸೂಚನೆ ಸಿಕ್ಕ ಕೂಡಲೇ ಇರುವ ವೇಗದಲ್ಲೇ ರಸ್ತೆಯ ಅಂಚಿಗೆ ತನ್ನಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಪಂಚೆ, ಶಾಲು, ಸೆರಗು, ದುಪಟ್ಟಾ ಯಾವುದೂ ಫ್ಯಾನಿನ ಹತ್ತಿರ ಹೋಗಬಾರದು. ಸುತ್ತ ನೆರೆದು ಸಲಹೆ ಕೊಡುವವರಲ್ಲಿ ಯಾರ ಕೈಯಲ್ಲಾದರೂ ಬೀಡಿ ಇದೆಯೇ ಎಂದು ಒಮ್ಮೆ ನೋಡಿ. ಇರುತ್ತದೆ.

ಮೊದಲ ಐದು ನಿಮಿಷ: ಹೇಗೆ ನಿಂತಿತು, ಆಗ ಏನಿತ್ತು?

ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತರೆ ಅದು ಹೆಚ್ಚಾಗಿ ಕರೆಂಟಿನ ತಕರಾರು. ಎಳೆತ ಕಡಿಮೆಯಾಗಿ, ಕೆಮ್ಮಿ, ಚೋಕ್ (ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಿಸುವ ನಾಬ್) ಎಳೆದರೆ ಇನ್ನೊಂದಿಷ್ಟು ಓಡಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಗುಡುಗುಡು ಎಂದು ಭಾರವಾಗಿ, ಕಪ್ಪು ಹೊಗೆ ಬಿಟ್ಟು ನಿಂತರೆ ಪೆಟ್ರೋಲ್ ಅತಿಯಾಗಿದೆ. ಗಾಡಿ ಓಡಿಸುತ್ತಿದ್ದವರಿಗೆ ಮಾತ್ರ ತಿಳಿಯುವ ಸಂಗತಿ ಇದು, ಮರೆಯುವ ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ನಗಬೇಡಿ. ಮೂವತ್ತು-ನಲವತ್ತು ವರ್ಷದ ಗೇಜ್ ಅರ್ಧ ಎಂದರೆ ಅದು ಬರೀ ಅಭಿಪ್ರಾಯ. ಗಾಡಿಯ ಹಿಂಭಾಗ ಕುಲುಕಿಸಿ ಸದ್ದು ಕೇಳಿ.

ಆಮೇಲೆ ಕರೆಂಟ್. ಒಂದು ಪ್ಲಗ್ಗಿನ ವೈರ್ ಕಿತ್ತು ಹಳೇ ಪ್ಲಗ್ಗಿಗೆ ಸಿಕ್ಕಿಸಿ. ಆ ಪ್ಲಗ್ಗಿನ ಲೋಹದ ಮೈಯನ್ನು ಕ್ಲಿಪ್ ವೈರಿನಿಂದ ಎಂಜಿನ್ನಿನ ಬರಿಯ ಲೋಹಕ್ಕೆ ಜೋಡಿಸಿ, ಕಾರ್ಬುರೇಟರ್‌ನಿಂದ ದೂರ ಮಲಗಿಸಿ. ಜೊತೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಮುಟ್ಟದೆ ನೋಡಿ. ಚಟಚಟ ಎನ್ನುವ ನೀಲಿ ಕಿಡಿ ಬಂದರೆ ಸರಿ. ಹಳದಿ ಬಣ್ಣದ ಸಣಕಲು ಕಿಡಿ ಬಂದರೆ ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಅಥವಾ ಕಾಯಿಲ್ ಸೋತಿದೆ. ಕಿಡಿಯೇ ಇಲ್ಲದಿದ್ದರೆ ನೇರ ಕೆಳಗಿನ "ಥಟ್ಟನೆ" ಭಾಗಕ್ಕೆ ಹೋಗಿ. ವೈರನ್ನು ಕೈಯಲ್ಲಿ ಹಿಡಿದು ಕಿಡಿ ತೋರಿಸುವ ಶೂರತನ ಬೇಡ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಪರೀಕ್ಷೆಯ ಹತ್ತಿರ ನಿಲ್ಲಲೇಬಾರದು.

ಕೊನೆಗೆ ಪೆಟ್ರೋಲ್. ಕೀ ಆಫ್ ಮಾಡಿ ಏರ್ ಕ್ಲೀನರ್ ತೆಗೆಯಿರಿ. ಮುಖ ಬಗ್ಗಿಸದೆ ಪಕ್ಕದಿಂದ ಕಾರ್ಬುರೇಟರ್ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಲಿವರನ್ನು ಕೈಯಿಂದ ಒತ್ತಿ. ಸೋಲೆಕ್ಸ್ ಕಾರ್ಬುರೇಟರ್ ಆದರೆ ಒಳಗೆ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಬೇಕು. ಚಿಮ್ಮಿದರೆ ಬೌಲಿನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಇದೆ ಎಂದರ್ಥ. ಚಿಮ್ಮದಿದ್ದರೆ ಬೌಲ್ ಬರಿದಾಗಿದೆ, ಕಳ್ಳ ಟ್ಯಾಂಕಿಗೂ ಕಾರ್ಬುರೇಟರ್‌ಗೂ ನಡುವೆ ಎಲ್ಲೋ ಇದ್ದಾನೆ.

ಕರೆಂಟ್ ಮೊದಲು, ಪೆಟ್ರೋಲ್ ಆಮೇಲೆ ಎಂಬ ಈ ಕ್ರಮವನ್ನು ಉಲ್ಟಾ ಮಾಡಬೇಡಿ. ಪೈಪ್ ಬಿಚ್ಚಿ ಪೆಟ್ರೋಲ್ ಚೆಲ್ಲಿದ ಮೇಲೆ ಕಿಡಿ ಹಾರಿಸಿದರೆ ಹುಡುಕಲು ಗಾಡಿಯೇ ಉಳಿಯುವುದಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಆಗಿ ಒಂದೆರಡು ನಿಮಿಷದಲ್ಲೇ ನಿಲ್ಲುತ್ತದೆ

ಬಹಳ ಸಲ ಇದು ದೋಷವೇ ಅಲ್ಲ. ಚೋಕನ್ನು ಬೇಗ ಒಳಗೆ ತಳ್ಳುವ ಅಭ್ಯಾಸ ಅಷ್ಟೆ. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ಎರಡು-ಮೂರು ನಿಮಿಷ ಅರ್ಧ ಚೋಕಿನಲ್ಲಿ ಓಡಲಿ ಬಿಡಿ. ಆದರೆ ಮುಚ್ಚಿದ ಶೆಡ್ಡಿನೊಳಗೆ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನಾಬ್ ಎಳೆದರೂ ಚೋಕ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಏರ್ ಕ್ಲೀನರ್ ತೆಗೆದು, ಕಾರ್ಬುರೇಟರ್ ಪಕ್ಕದ ಲಿವರ್ ಅಲ್ಲಾಡುತ್ತಿದೆಯೇ ಎಂದು ಕಣ್ಣಾರೆ ನೋಡಿ. ಕೇಬಲ್ಲಿನ ಸ್ಕ್ರೂ ಸಡಿಲಾಗಿ, ಒಳಗೆ ಕುಳಿತವರು ಬರೀ ನಾಬ್ ಜೊತೆ ಆಟವಾಡುತ್ತಿರುವುದು ಹೊಸದೇನಲ್ಲ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಚೋಕ್ ಇಲ್ಲದೆ ಓಡದಿದ್ದರೆ ಮಾತ್ರ ದೋಷವಿದೆ. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಒಳಗೆ ಹೋಗುತ್ತಿದೆ. ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್, ಅದನ್ನು ಬಿಗಿದಿರುವ ನಟ್ಟುಗಳು, ಡೆಲ್ಕೊಗೆ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಹೋಗುವ ಸಣ್ಣ ವ್ಯಾಕ್ಯೂಮ್ ಪೈಪಿನ ಬಿರುಕು, ಇವನ್ನು ನೋಡಿ. ಎಂಜಿನ್ ನಿಧಾನ ಓಡುತ್ತಿರುವಾಗ ಗ್ಯಾಸ್ಕೆಟ್ ಅಂಚಿಗೆ ಸೋಪಿನ ನೀರು ಸವರಿದಾಗ ಎಂಜಿನ್ನಿನ ಸದ್ದು ಬದಲಾದರೆ ಗಾಳಿ ಅಲ್ಲೇ ನುಗ್ಗುತ್ತಿದೆ. ಇದಕ್ಕೆ ಪೆಟ್ರೋಲ್ ಅಥವಾ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವ ಪದ್ಧತಿಯೂ ಇದೆ. ಕಾರ್ಬುರೇಟರ್ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವ ಗಾಡಿಗಳಲ್ಲಿ ಅದು ಬೆಂಕಿಗೆ ಕೊಟ್ಟ ಆಹ್ವಾನ.

ಸೆಲ್ಫ್ ಹೊಡೆದಾಗ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ಕ್ಷಣ ನಿಲ್ಲುತ್ತದೆ

ಇದರ ಅರ್ಥ ಒಂದೇ. ಸ್ಟಾರ್ಟ್ ಜಾಗದಲ್ಲಿ ಕಾಯಿಲ್ಲಿಗೆ ಕರೆಂಟ್ ಬರುತ್ತಿದೆ, ಆನ್ ಜಾಗದಲ್ಲಿ ಬರುತ್ತಿಲ್ಲ. ಕಾಯಿಲ್ಲಿನ ಸ್ವಿಚ್ ಕಡೆಯ ಟರ್ಮಿನಲ್ಲಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಎರಡೂ ಜಾಗದಲ್ಲಿ ನೋಡಿ. ಆನ್ ಜಾಗದಲ್ಲಿ ದೀಪ ಹತ್ತದಿದ್ದರೆ ಇಗ್ನಿಷನ್ ಸ್ವಿಚ್ ಸವೆದಿದೆ, ಇಲ್ಲವೇ ದಾರಿಯಲ್ಲಿ ವೈರ್ ಬಿಟ್ಟಿದೆ. ಕಾಯಿಲ್ಲಿಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೋಡಿಸಿರುವ ಗಾಡಿಯಾದರೆ ಅದು ಸುಟ್ಟಿರಬಹುದು. ಸ್ವಿಚ್ ದುಬಾರಿಯದಲ್ಲ, ಬದಲಿಸಿಬಿಡಿ.

ಹತ್ತು-ಹದಿನೈದು ನಿಮಿಷ ಓಡಿ, ಉಸಿರು ಕಟ್ಟಿದಂತೆ ಎಳೆದಾಡಿ ನಿಲ್ಲುತ್ತದೆ

ನಮ್ಮ ಗಾಡಿಯ ರೋಗ ಇದೇ ಗುಂಪಿನದು. ಕರೆಂಟ್ ಇದೆ, ಬೌಲ್ ಬರಿದಾಗಿದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ ಹಿಂದಿನಿಂದ ಮುಂದಕ್ಕೆ ಬನ್ನಿ.

ಮೊದಲನೆಯದು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಹೊರಹೋದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಅದಕ್ಕೆಂದು ಮುಚ್ಚಳದಲ್ಲೋ, ಪಕ್ಕದ ಸಣ್ಣ ಪೈಪಿನಲ್ಲೋ ರಂಧ್ರವಿರುತ್ತದೆ. ಅದು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿ. ಸುಯ್ ಎಂದು ಗಾಳಿ ಒಳಗೆಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಸಲೀಸಾಗಿ ಓಡಿದರೆ ಉತ್ತರ ಸಿಕ್ಕಿತು. ಅಂಗಡಿಯಲ್ಲಿ ಸಿಗುವ ಬೀಗದ ಮುಚ್ಚಳಗಳಲ್ಲಿ ಕೆಲವಕ್ಕೆ ರಂಧ್ರವೇ ಇರುವುದಿಲ್ಲ. ಮಳೆಗಾಲವಿಡೀ ನಿಂತ ಗಾಡಿಯಾದರೆ ಕುಂಬಾರ ಹುಳ ಆ ಸಣ್ಣ ಪೈಪಿನ ಬಾಯಿಗೆ ಮಣ್ಣಿನ ಗೂಡು ಕಟ್ಟಿರುತ್ತದೆ, ಅದನ್ನೂ ನೋಡಿ. ಪರೀಕ್ಷೆಗೆಂದು ಮುಚ್ಚಳ ತೀರಾ ಸಡಿಲ ಬಿಟ್ಟು ಓಡಿಸಬೇಡಿ, ತಿರುವಿನಲ್ಲಿ ಪೆಟ್ರೋಲ್ ತುಳುಕುತ್ತದೆ.

ಎರಡನೆಯದು ಫಿಲ್ಟರ್. ದಾರಿಯಲ್ಲಿ ಸಿಕ್ಕಿಸಿರುವ ಪ್ಲಾಸ್ಟಿಕ್ ಫಿಲ್ಟರಿನೊಳಗೆ ಕಂದು ಪುಡಿ ತುಂಬಿದ್ದರೆ ಹೊಸದು ಹಾಕಿ, ಬಾಣದ ಗುರುತು ಪಂಪಿನ ಕಡೆ ಇರಲಿ. ಹೊಸದು ಹಾಕಿದ ವಾರದಲ್ಲೇ ಮತ್ತೆ ಕಂದಾದರೆ ತಪ್ಪು ಫಿಲ್ಟರಿನದಲ್ಲ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತಿದೆ. ಎಸಿ ಪಂಪಿನ ತಲೆಯಲ್ಲಿ, ಕಾರ್ಬುರೇಟರಿಗೆ ಪೈಪ್ ಸೇರುವ ಜಾಗದಲ್ಲಿ ಸಣ್ಣ ಜಾಲರಿ ಇರುವುದುಂಟು. ಅದನ್ನು ಮರೆಯುವವರೇ ಹೆಚ್ಚು.

ಮೂರನೆಯದು ರಬ್ಬರ್ ಪೈಪು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಒಳಗಿನಿಂದ ಎಳೆತವಿರುತ್ತದೆ, ಹೊರಗೆ ತಳ್ಳುವ ಒತ್ತಡವಲ್ಲ. ಅಲ್ಲಿ ಬಿರುಕಿದ್ದರೆ ಪೆಟ್ರೋಲ್ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ನಾವು ಪಂಪನ್ನು ಬೈಯುತ್ತ ಕೂರುತ್ತೇವೆ. ಬಂಕುಗಳಲ್ಲಿ ಈಗ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರು, ಕಾರ್ಕು, ಪಂಪಿನ ಡಯಾಫ್ರಂ (ಪೆಟ್ರೋಲ್ ಎಳೆಯುವ ಪೊರೆ) ಇದಕ್ಕೆಂದು ಮಾಡಿದವಲ್ಲ. ಊದಿಕೊಳ್ಳುತ್ತವೆ, ಮೆತ್ತಗಾಗುತ್ತವೆ, ಆಮೇಲೆ ಒಣಗಿ ಸೀಳುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಪಂಪ್ ಮೊದಲು ಎಳೆಯುವುದೂ ಅದನ್ನೇ. ತಿಂಗಳಿಗೊಮ್ಮೆ ಹೊರತೆಗೆಯುವ ಗಾಡಿಗಳಿಗೆ ಇದೊಂದು ನಿಜವಾದ ಪೀಡೆ. ಎಥನಾಲ್ ತಡೆಯುವ ಪೈಪ್ ಎಂದು ಕೇಳಿ ತಂದು ಒಂದೇ ಸಲ ಎಲ್ಲವನ್ನೂ ಬದಲಿಸಿ.

ನಾಲ್ಕನೆಯದು ಪಂಪಿನ ಶಕ್ತಿ. ಎಂಜಿನ್ ಸ್ವಲ್ಪ ತಣಿಯಲಿ. ಕಾಯಿಲ್ಲಿನಿಂದ ಡೆಲ್ಕೊಗೆ ಹೋಗುವ ಸಣ್ಣ ವೈರ್ ಬಿಚ್ಚಿ ತುದಿಗೆ ಟೇಪ್ ಸುತ್ತಿ, ಆಗ ಕಿಡಿ ಹುಟ್ಟುವುದಿಲ್ಲ. ಕಾರ್ಬುರೇಟರ್ ಬಳಿಯ ಪೈಪ್ ಕಳಚಿ ಬಾಟಲಿಯೊಳಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿ. ಹಸುವಿನ ಕೆಚ್ಚಲಿನಿಂದ ಹಾಲು ಬಿದ್ದಂತೆ ತಡೆತಡೆದು, ಆದರೆ ಜೋರಾಗಿ ಧಾರೆ ಬೀಳಬೇಕು. ಗುಳ್ಳೆ ಕೂಡಿ ಬಂದರೆ ಪಂಪಿಗೆ ಮೊದಲೇ ಎಲ್ಲೋ ಗಾಳಿ ಸೇರುತ್ತಿದೆ. ಧಾರೆ ಸೊರಗಿದ್ದರೆ ಡಯಾಫ್ರಂ ಅಥವಾ ವಾಲ್ವ್ ಹೋಗಿದೆ, ಇಲ್ಲವೇ ಟ್ಯಾಂಕಿನಿಂದಲೇ ಬರುತ್ತಿಲ್ಲ.

ಈ ಕೊನೆಯ ಎರಡರಲ್ಲಿ ಯಾವುದು ಎಂದು ತಿಳಿಯದೆ ನಾನು ಪಂಪ್ ಬದಲಿಸಿದ್ದೆ. ಮೇಸ್ತ್ರಿಯ ಮಾತು ಕೇಳಿದ ಮೇಲೆ ಒಂದು ಭಾನುವಾರ ಬೇಕೆಂದೇ ಗಾಜನೂರು ಕಡೆ ಹೊರಟೆ. ನಿಂತಿತು. ಕಿಡಿ ನೀಲಿಯಾಗಿಯೇ ಇತ್ತು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಚಿಮ್ಮಲಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದಾಗ ಯಾವ ಸದ್ದೂ ಬರಲಿಲ್ಲ. ಪಂಪಿಗೆ ಬರುವ ಪೈಪ್ ಕಳಚಿ ಅದಕ್ಕೆ ಕಾಲು ಪಂಪಿನ ಪೈಪ್ ಸಿಕ್ಕಿಸಿ, ಟ್ಯಾಂಕಿನ ಕಡೆಗೆ ಮೆಲ್ಲಗೆ ಗಾಳಿ ಒತ್ತಿದೆ. ಮೊದಲ ತುಳಿತಕ್ಕೆ ಗಟ್ಟಿ ಹಿಡಿದಿತ್ತು. ಎರಡನೆಯದಕ್ಕೆ ಏನೋ ಬಿಟ್ಟುಕೊಟ್ಟಿತು. ಹಿಂದೆ ನಿಂತಿದ್ದ ಮಗ ಕೂಗಿದ, "ಅಪ್ಪಾ, ಗುಳುಗುಳು ಅಂತು!" ಪೈಪ್ ಜೋಡಿಸಿದ ಮೇಲೆ ಮತ್ತೆ ಹದಿನೈದು ನಿಮಿಷ ಓಡಿ ಮತ್ತೆ ನಿಂತಿತು. ಅಷ್ಟು ಸಾಕಾಗಿತ್ತು.

ಟ್ಯಾಂಕ್ ಇಳಿಸಿ ಬಗ್ಗಿಸಿದಾಗ ತುಕ್ಕಿನ ಪುಡಿಯ ಜೊತೆ ಹೊರಬಿದ್ದದ್ದು ಉಗುರಿನಷ್ಟಗಲದ ಒಂದು ಬೂದು ಬಿಲ್ಲೆ. ಹಿಂದೆ ಯಾರೋ ಗೇಜಿನ ಫ್ಲೋಟ್ ಕೂರುವ ಜಾಗದ ಸೋರಿಕೆಗೆ ಮೆತ್ತಿದ್ದ ಎಪಾಕ್ಸಿ ಅಂಟಿನ ಚೂರು. ಒಂದು ಮಗ್ಗುಲಲ್ಲಿ ಒತ್ತಿದವರ ಹೆಬ್ಬೆರಳಿನ ಗೆರೆಗಳು ಇನ್ನೂ ಹಾಗೇ ಇದ್ದವು. ರಸ್ತೆಯಲ್ಲಿ ಎಳೆತ ಜೋರಾದಾಗ ಅದು ತೇಲಿ ಬಂದು ಪೈಪಿನ ಬಾಯಿಗೆ ಕಚ್ಚಿಕೊಳ್ಳುತ್ತಿತ್ತು, ಎಂಜಿನ್ ನಿಂತು ಸ್ವಲ್ಪ ಹೊತ್ತಿಗೆ ಕಳಚಿ ಬೀಳುತ್ತಿತ್ತು. ಗ್ಯಾರೇಜಿನಲ್ಲಿ ನಿಂತಲ್ಲೇ ಓಡಿದಾಗ ಅಷ್ಟು ಎಳೆತವಿಲ್ಲ, ಅದಕ್ಕೇ ಅಲ್ಲಿ ಗಾಡಿ ಸಾಧುವಾಗಿತ್ತು.

ಒಂದು ಎಚ್ಚರಿಕೆ. ಟ್ಯಾಂಕಿಗೆ ತೂತು ಬಿದ್ದರೆ ವೆಲ್ಡಿಂಗ್ ಅಂಗಡಿಗೆ ಹಾಗೆಯೇ ಒಯ್ಯಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಭೀಕರವಾಗಿ ಸಿಡಿಯುತ್ತದೆ. ಇದೇ ಕೆಲಸ ಮಾಡುವ, ಆವಿ ಪೂರ್ತಿ ತೆಗೆಯುವ ಕ್ರಮ ಗೊತ್ತಿರುವವರಿಗೆ ಮಾತ್ರ ಕೊಡಿ.

ಬಿಸಿಲಿನಲ್ಲಿ, ಘಾಟಿ ಹತ್ತುವಾಗ, ಇಲ್ಲವೇ ಟೀ ಕುಡಿದು ಹೊರಟ ಮೇಲೆ ನಿಲ್ಲುತ್ತದೆ

ಗ್ಯಾರೇಜಿನಲ್ಲಿ ಇದಕ್ಕೆ ಏರ್ ಲಾಕ್ ಎನ್ನುತ್ತಾರೆ. ಪೈಪಿನಲ್ಲಿ, ಪಂಪಿನಲ್ಲಿ ಪೆಟ್ರೋಲ್ ಕಾದು ಆವಿಯಾಗುತ್ತದೆ. ದ್ರವ ಎಳೆಯಲು ಮಾಡಿದ ಪಂಪಿಗೆ ಆವಿಯನ್ನು ಎಳೆಯಲು ಬರುವುದಿಲ್ಲ. ಸೋಮೇಶ್ವರದಿಂದ ಆಗುಂಬೆಗೆ 14 ಹಿಮ್ಮುರಿ ತಿರುವು ಹತ್ತುವಾಗ ಎಂಜಿನ್ ದುಡಿಯುವುದು ಜಾಸ್ತಿ, ಬಾನೆಟ್ಟಿನೊಳಗೆ ಬೀಸುವ ಗಾಳಿ ಕಡಿಮೆ. ಇನ್ನೊಂದು ಬಗೆ, ದೂರ ಓಡಿ ಬಂದು ಹೋಟೆಲ್ ಮುಂದೆ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಹೊರಟಾಗ ಬರುತ್ತದೆ. ಬೌಲಿನಲ್ಲಿದ್ದ ಪೆಟ್ರೋಲಿನಲ್ಲಿ ಇನ್ನೂರು ಮೀಟರ್ ಓಡಿ, ಹಿಂದಿನಿಂದ ಬರೀ ಆವಿ ಬಂದು ನಿಲ್ಲುತ್ತದೆ. ನಿಂತ ಎಂಜಿನ್ನಿಗೆ ಫ್ಯಾನೂ ಇಲ್ಲ, ನೀರಿನ ಓಡಾಟವೂ ಇಲ್ಲ, ಆದ್ದರಿಂದ ಪಂಪು ಮತ್ತು ಕಾರ್ಬುರೇಟರ್ ಓಡುವಾಗಿನದಕ್ಕಿಂತ ಆಗಲೇ ಹೆಚ್ಚು ಬಿಸಿಯಾಗುತ್ತವೆ.

ಒದ್ದೆ ಬಟ್ಟೆ ಹಿಂಡಿ ಪಂಪಿಗೂ ಅದರ ಪೈಪಿಗೂ ಸುತ್ತಿ. ಎರಡು-ಮೂರು ನಿಮಿಷದಲ್ಲಿ ಗಾಡಿ ಎದ್ದರೆ ಏರ್ ಲಾಕ್ ಎಂದೇ ತಿಳಿಯಿರಿ. ಚೊಂಬಿನಲ್ಲಿ ನೀರು ಎರಚಬೇಡಿ. ಕಾದ ಎರಕದ ಮ್ಯಾನಿಫೋಲ್ಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ, ಡೆಲ್ಕೊಗೆ ಬಿದ್ದರೆ ಇನ್ನೊಂದು ರೋಗ ಹೊಸದಾಗಿ ಸೇರುತ್ತದೆ.

ಒದ್ದೆ ಬಟ್ಟೆ ಮದ್ದಲ್ಲ, ಪರೀಕ್ಷೆ. ಪಂಪಿಗೂ ಬ್ಲಾಕಿಗೂ ನಡುವೆ, ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇರಬೇಕು. ಹಿಂದಿನ ರಿಪೇರಿಯಲ್ಲಿ ಯಾರಾದರೂ ಅದನ್ನು ತೆಗೆದು ತೆಳು ಕಾಗದದ ಗ್ಯಾಸ್ಕೆಟ್ ಹಾಕಿದ್ದಾರೆಯೇ? ಪೆಟ್ರೋಲ್ ಪೈಪ್ ಎಂಜಿನ್ನಿಗೆ ತಾಗಿಕೊಂಡು ಹೋಗಿದೆಯೇ? ಫ್ಯಾನ್ ಬೆಲ್ಟ್ ಸಡಿಲಾಗಿದೆಯೇ? ಈ ಮೂರು ಸರಿಪಡಿಸಿದರೆ ಬಹಳಷ್ಟು ಗಾಡಿಗಳು ಘಾಟಿ ಹತ್ತುತ್ತವೆ. ಹಳೇ ಟ್ಯಾಕ್ಸಿಯವರು ಪಂಪಿಗೆ ಗೋಣಿ ತುಂಡು ಕಟ್ಟಿಕೊಂಡೇ ತಿರುಗುತ್ತಿದ್ದರು. ಒಣಗಿದ, ಪೆಟ್ರೋಲ್ ಕುಡಿದ ಗೋಣಿ ಬತ್ತಿಯಂತೆ ಉರಿಯುತ್ತದೆ ಎಂಬ ಕಾರಣಕ್ಕೆ ನಾನು ಆ ಸಹವಾಸಕ್ಕೆ ಹೋಗಿಲ್ಲ.

ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ

ನಿಂತ ಕೂಡಲೇ, ಕೀ ಆನ್ ಇರುವಾಗಲೇ ಡ್ಯಾಶ್‌ಬೋರ್ಡ್ ನೋಡಿ. ಚಾರ್ಜಿಂಗಿನ ಕೆಂಪು ದೀಪ ಹತ್ತಿರಬೇಕು. ಅದೂ ಆರಿದ್ದರೆ ಕಾಯಿಲ್, ಪಾಯಿಂಟ್ ಯಾವುದನ್ನೂ ಮುಟ್ಟಬೇಡಿ. ಬ್ಯಾಟರಿ ಟರ್ಮಿನಲ್, ಬಾಡಿಗೆ ಹೋಗುವ ಅರ್ಥ್ ಪಟ್ಟಿ, ಇಗ್ನಿಷನ್ ಸ್ವಿಚ್, ಈ ಮೂರರಲ್ಲಿ ಒಂದು ಬಿಟ್ಟಿದೆ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಬೂಸ್ಟು ಕೆರೆದು ಬಿಗಿ ಮಾಡುವುದಕ್ಕೆ ಒಂದು ಸ್ಪ್ಯಾನರ್ ಸಾಕು.

ಕೆಂಪು ದೀಪ ಹತ್ತಿದೆ, ಕಿಡಿ ಇಲ್ಲ ಎಂದಾದರೆ ಕಾಯಿಲ್ಲಿನ ಮೈಗೆ ಕೈ ಹಿಂಬದಿ ಸೋಕಿಸಿ ನೋಡಿ. ಬೆಚ್ಚಗಿರುವುದು ಸಹಜ, ಕೈ ಇಡಲಾಗದಷ್ಟು ಸುಡುವುದು ಸಹಜವಲ್ಲ. ಕೀ ಆಫ್ ಮಾಡಿ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟು, ಬಟ್ಟೆ ತೆಗೆದು ಒರೆಸಿದ ಮೇಲೆ ಕಿಡಿ ಮರಳಿದರೆ ಕಾಯಿಲ್ ಹೋಗಿದೆ. ಆದರೆ ಹೊಸ ಕಾಯಿಲ್ಲೂ ಹೀಗೇ ಆದರೆ ಅದರ ಜಾತಿ ವಿಚಾರಿಸಿ. ನೇರ 12 ವೋಲ್ಟಿಗೆ ಜೋಡಿಸುವ ಕಾಯಿಲ್ಲಿನ ಎರಡು ಸಣ್ಣ ಟರ್ಮಿನಲ್ ನಡುವೆ ಮೀಟರ್ ಹಿಡಿದರೆ ಸುಮಾರು 3 ಓಮ್ ತೋರಿಸುತ್ತದೆ. ಬ್ಯಾಲಸ್ಟ್ ಜೊತೆ ಬಳಸುವಂಥದ್ದು ಸುಮಾರು 1.5 ಓಮ್. ಎರಡನೆಯದನ್ನು ಬ್ಯಾಲಸ್ಟ್ ಇಲ್ಲದೆ ಹಾಕಿದರೆ ಎರಡು ಪಟ್ಟು ಕರೆಂಟ್ ಎಳೆದು, ಸ್ವಲ್ಪ ಹೊತ್ತಿನಲ್ಲೇ ಕುದಿದು, ಪಾಯಿಂಟನ್ನೂ ಸುಡುತ್ತದೆ. ನೋಡಲು ಎರಡೂ ಒಂದೇ ಥರದ ಡಬ್ಬಿಗಳು.

ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಹಾಡು ಕೇಳುತ್ತ ಕೂರುವುದೂ ಕಾಯಿಲ್ಲಿಗೆ ಶಿಕ್ಷೆಯೇ. ಪಾಯಿಂಟ್ ಮುಚ್ಚಿದ್ದರೆ ಅಷ್ಟು ಹೊತ್ತೂ ಅದು ಬಿಸಿಯಾಗುತ್ತಲೇ ಇರುತ್ತದೆ.

ಮುಂದೆ ಡೆಲ್ಕೊ ಮುಚ್ಚಳ ತೆಗೆಯಿರಿ. ಪಾಯಿಂಟಿನ ಮುಖ ಕಪ್ಪಾಗಿ, ಒಂದರಲ್ಲಿ ಗುಳಿ ಇನ್ನೊಂದರಲ್ಲಿ ಮೊಳಕೆ ಬೆಳೆದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಹೊಸ ಕಂಡೆನ್ಸರ್ ಅಗ್ಗ, ಪಾಯಿಂಟ್ ಜೊತೆಗೇ ಬದಲಿಸುವುದು ರೂಢಿ. ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ. ಲ್ಯೂಕಾಸ್ ಮಾದರಿಯ ಡೆಲ್ಕೊಗೆ ಸಾಮಾನ್ಯವಾಗಿ 0.35ರಿಂದ 0.40 ಮಿ.ಮೀ. ಗ್ಯಾಪ್ ಇಡುತ್ತಾರೆ. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಎಲ್ಲಕ್ಕಿಂತ ಕಾಡುವುದು ಡೆಲ್ಕೊ ಒಳಗೆ ಪಾಯಿಂಟಿಗೆ ಬರುವ ಬೆರಳುದ್ದದ ವೈರ್. ವ್ಯಾಕ್ಯೂಮ್ ಎಳೆದಾಗಲೆಲ್ಲ ತಳದ ತಟ್ಟೆ ತಿರುಗಿ ಆ ವೈರ್ ಬಾಗುತ್ತದೆ. ವರ್ಷಗಳ ಮೇಲೆ ಒಳಗಿನ ತಾಮ್ರದ ಎಳೆಗಳು ಮುರಿದು, ಹೊರಗಿನ ಹೊದಿಕೆ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಬಿಡುತ್ತದೆ, ಬಿಟ್ಟಾಗ ಕೂಡುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ಉಳಿದಿಲ್ಲ. ಹೊಸದಕ್ಕೆ ಮನೆಯ ವೈರಿಂಗಿನ ದಪ್ಪ ವೈರ್ ಬೇಡ, ನೂರಾರು ನವಿರು ಎಳೆಗಳಿರುವ ಮೆದು ವೈರನ್ನೇ ಹಾಕಿ.

ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಹಾಕಿಸಿ, ಒಳ್ಳೆಯದೇ. ಆದರೆ ಹಳೇ ಪಾಯಿಂಟ್ ಸೆಟ್ಟನ್ನು ಡಿಕ್ಕಿಯಿಂದ ಆಚೆ ಹಾಕಬೇಡಿ. ಕಿಟ್ ಸತ್ತರೆ ರಸ್ತೆಯಲ್ಲಿ ಮಾಡಲು ಏನೂ ಇರುವುದಿಲ್ಲ, ಪಾಯಿಂಟನ್ನಾದರೆ ಎಮರಿ ಕಾಗದದಲ್ಲಿ ಉಜ್ಜಿ ಮನೆ ಸೇರಬಹುದು.

ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಆಮೇಲೆ ನಿಲ್ಲುತ್ತದೆ

ಓವರ್‌ಫ್ಲೋ. ಚೋಕ್ ಹಾಗೇ ಅಂಟಿಕೊಂಡಿದೆಯೇ ಎಂದು ಮೊದಲು ನೋಡಿ. ಅದಲ್ಲದಿದ್ದರೆ ಫ್ಲೋಟ್ ಬೌಲಿನ ಸೂಜಿ ವಾಲ್ವಿನಲ್ಲಿ ಕಸ ಕೂತಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲಿನ ಪಕ್ಕ ನಾಲ್ಕು ಸಲ ತಟ್ಟಿದರೆ ಕೆಲವೊಮ್ಮೆ ಕಳಚುತ್ತದೆ. ನಂಬಿಕೆಯಿಲ್ಲದಿದ್ದರೆ ಬೌಲ್ ಬಿಚ್ಚಿ ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿ ಮುಳುಗಿದೆ.

ಪೆಟ್ರೋಲ್ ತುಂಬಿದ ಎಂಜಿನ್ ಎಬ್ಬಿಸಲು ಆಕ್ಸಿಲರೇಟರನ್ನು ತಳದವರೆಗೆ ಒಂದೇ ಸಲ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪದೇ ಪದೇ ಒತ್ತಿದರೆ ಪ್ರತಿ ಸಲವೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹೊರಗೆ ಸುರಿದಿದ್ದರೆ ಸೆಲ್ಫ್ ಮುಟ್ಟಲೇಬೇಡಿ, ಒರೆಸಿ, ಬಾನೆಟ್ ತೆರೆದು ಆರಲು ಬಿಡಿ.

ಆಯಿಲ್ ಕಡ್ಡಿ ಎಳೆದು ಮೂಸಿ. ಆಯಿಲ್ ಪೆಟ್ರೋಲಿನಂತೆ ನಾರುತ್ತ, ಮಟ್ಟ ತಾನಾಗಿ ಏರಿದ್ದರೆ ಪಂಪಿನ ಡಯಾಫ್ರಂ ಹರಿದು ಪೆಟ್ರೋಲ್ ಕೆಳಗಿಳಿದಿದೆ, ಇಲ್ಲವೇ ಓವರ್‌ಫ್ಲೋ ಸಿಲಿಂಡರ್ ದಾಟಿದೆ. ಆ ಆಯಿಲ್ಲಿನಲ್ಲಿ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಬೇರಿಂಗ್ ಹೋಗುತ್ತದೆ.

ರಸ್ತೆಯಲ್ಲಿ ಸರಿ, ಸಿಗ್ನಲ್ಲಿನಲ್ಲಿ ಕಾಲು ತೆಗೆದರೆ ನಿಲ್ಲುತ್ತದೆ

ಸ್ಲೋ ಜೆಟ್ಟಿನಲ್ಲಿ (ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಕಸ. ಬಿಚ್ಚಿ ಗಾಳಿ ಊದಿ, ಬೆಳಕಿಗೆ ಹಿಡಿದು ರಂಧ್ರ ನೋಡಿ, ಹಾಕಿ. ತಂತಿ ಚುಚ್ಚಬೇಡಿ, ಹಿತ್ತಾಳೆ ಮೆತ್ತಗಿರುತ್ತದೆ, ರಂಧ್ರ ದೊಡ್ಡದಾಗುತ್ತದೆ.

ಇಲ್ಲಿಗೆ ಕೈ ತೆಗೆದು ಮೆಕ್ಯಾನಿಕ್‌ಗೆ ಫೋನ್ ಮಾಡಿ

ಕರೆಂಟೂ ಇದೆ, ಪೆಟ್ರೋಲೂ ಇದೆ, ಬಿಸಿಯಾದಾಗ ಸೆಲ್ಫ್ ಹೊಡೆದರೆ ಎಂಜಿನ್ ಎಂದಿಗಿಂತ ಹಗುರಾಗಿ, ತಡೆಯೇ ಇಲ್ಲದಂತೆ ಸುತ್ತುತ್ತದೆ ಎಂದರೆ ಕಂಪ್ರೆಷನ್ ಇಳಿದಿದೆ. ಟ್ಯಾಪೆಟ್ ತೀರಾ ಬಿಗಿಯಾಗಿ ವಾಲ್ವ್ ಮುಚ್ಚುತ್ತಿಲ್ಲದಿರಬಹುದು, ಅಥವಾ ಇನ್ನೂ ದೊಡ್ಡದಿರಬಹುದು. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ನಿಂತಿದ್ದರೆ, ಆಯಿಲ್ ಹಾಲು ಬೆರೆತ ಕಾಫಿಯಂತಾಗಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಒಳಗೆ ಲೋಹ ಬಡಿದ ಸದ್ದು ಬಂದು ನಿಂತ ಎಂಜಿನ್ನಿಗೆ ಇನ್ನೊಂದು ಸೆಲ್ಫ್ ಕೂಡ ಬೇಡ. ಇವೆಲ್ಲ ಟೋ ಮಾಡಿಸಿಕೊಂಡು ಹೋಗುವ ರೋಗಗಳು. ಮತ್ತು ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯಿರಿ ಎಂದು ದಾರಿಹೋಕರು ಎಷ್ಟೇ ಆತ್ಮವಿಶ್ವಾಸದಿಂದ ಹೇಳಲಿ, ಬೇಡ. ಒಂದು ಬ್ಯಾಕ್‌ಫೈರ್ ಸಾಕು, ಕೈಯಲ್ಲಿರುವ ಬಾಟಲಿಯೇ ಹೊತ್ತಿಕೊಳ್ಳುತ್ತದೆ.

ಮೆಕ್ಯಾನಿಕ್ ಬಳಿ ಹೋಗುವಾಗ "ಗಾಡಿ ಆಫ್ ಆಗ್ತಿದೆ, ನೋಡಿ" ಎನ್ನಬೇಡಿ. ನಾನು ಒಂದು ಚೀಟಿ ಕೊಟ್ಟಿದ್ದೆ: ಹದಿನೈದು ನಿಮಿಷಕ್ಕೆ ನಿಂತಿತು, ಎಳೆದಾಡಿ ನಿಂತಿತು, ಕಿಡಿ ನೀಲಿ, ಬೌಲ್ ಖಾಲಿ, ಮುಚ್ಚಳ ತೆಗೆದರೆ ಸದ್ದಿಲ್ಲ, ಹಿಂದಕ್ಕೆ ಗಾಳಿ ಒತ್ತಿದ ಮೇಲೆ ಓಡಿತು. ಮೇಸ್ತ್ರಿ ಅದನ್ನು ಓದಿ ಜೇಬಿಗೆ ಹಾಕಿಕೊಂಡು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ನೇರ ಡಿಕ್ಕಿ ತೆಗೆದು ಹುಡುಗನಿಗೆ ಹೇಳಿದರು, "ಟ್ಯಾಂಕ್ ಇಳ್ಸೋ."